‘ರಕ್ತಫಡ’ದ ಉತ್ತರಾರ್ಧ

ಐನಾಪುರ
೧೪ ಡಿಸೆಂಬರ್ ೨೦೨೪, ಶನಿವಾರ

ಕುಮಾರಿ ಕಾಜಲ ಅವರಿಗೆ,

ಜಯ ಜಿನೇಂದ್ರ.

ಮೊದಲು ಕ್ಷಮೆ ಕೇಳಬೇಕಾಗಿದೆ. ಇದೇ ಹನ್ನೊಂದರಂದು ಬರೆದ ಪತ್ರದಲ್ಲಿ, ತಮ್ಮ ‘ರಕ್ತಫಡ’ ಚಲನಚಿತ್ರವನ್ನು ಅಥಣಿಯಲ್ಲಿ ನವೆಂಬರ್ ೩೦, ಶನಿವಾರ ನೋಡಿದೆನೆಂದು ತಿಳಿಸಿದ್ದೆ. ನನ್ನ ವಿಮರ್ಶೆಯಲ್ಲಿಯೂ ಅದೇ ದಿನ ಅಚ್ಚಾಗಿದೆ. ಅದು ತಪ್ಪು. ನಿನ್ನೆ ದಿನಚರಿ ತೆಗೆದು ನೋಡಿದೆ. ನಾನು ಹೋಗಿದ್ದು ನವೆಂಬರ್ ೨೯, ಶುಕ್ರವಾರ, ಬಿಡುಗಡೆಯ ಮೊದಲ ದಿನದ ಮಧ್ಯಾಹ್ನದ ಆಟಕ್ಕೆ. ಶನಿವಾರ ಮನೆಯಲ್ಲಿ ಕುಳಿತು ವಿಮರ್ಶೆ ಬರೆದೆ. ಬರೆದ ದಿನವನ್ನೇ ನೋಡಿದ ದಿನವೆಂದು ನಮೂದಿಸಿಬಿಟ್ಟೆ. ತಾರೀಖು ಹಾಕದ ಉತ್ತರಪತ್ರಿಕೆಯನ್ನು ಮುಟ್ಟದೆ ಮರಳಿಸುತ್ತ ಮೂವತ್ತಾರು ವರ್ಷ ಕನ್ನಡ ಕಲಿಸಿದವನಿಂದ ಇಂಥ ಪ್ರಮಾದ ಆಗಬಾರದಿತ್ತು.

ಕ್ಷಮೆ ಇಷ್ಟಕ್ಕೆ ಮಾತ್ರ. ವಿಮರ್ಶೆಯ ಬೇರೆ ಒಂದಕ್ಷರಕ್ಕೂ ಅಲ್ಲ.

ನನ್ನ ಒಂದು ಅಂಕಣ ತಮ್ಮ ಚಿತ್ರವನ್ನು ಬಿಡುಗಡೆಯಾದ ಆರು ದಿನಗಳಲ್ಲಿ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಮೂರೂ ಊರುಗಳಿಂದ ಎಬ್ಬಿಸಿತೆಂದು ತಾವು ದೂರಿದ್ದೀರಿ. ಚಿತ್ರಮಂದಿರಗಳು ನನ್ನವಲ್ಲ. ಕಬ್ಬು ಕಡಿಯುವ ಟೋಳಿಗಳ ಮುಖಂಡರಾದ ಮುಕಾದಮರು ನಮ್ಮ ವಾರಪತ್ರಿಕೆಯನ್ನು ಹಿಡಿದುಕೊಂಡು ಹೋಗಿ ಮಾಲಕರನ್ನು ಕೇಳಿದರೆ, ಅದು ಅವರ ಸ್ವಾಭಿಮಾನ. ನಾನು ಬರೆದದ್ದು ಇಷ್ಟೆ.

ಮೊದಲನೆಯದು, ಚಿತ್ರದಲ್ಲಿ ಸ್ವಂತದ್ದೇನಿದೆ? ಪಟ್ಟಣದಿಂದ ಬಂದ ಐವರು ಗೆಳೆಯರು. ಕಾಗವಾಡದ ಕಡೆಯ ದ್ರಾಕ್ಷಿ ತೋಟದಲ್ಲಿ ಒಂಟಿ ಬಂಗಲೆ. ಬಂದೊಡನೆ ಕೆಡುವ ವಾಹನ. ಬೇಕಾದಾಗ ಕೈಕೊಡುವ ದೂರವಾಣಿ. ಸದ್ದು ಬಂದ ಕಡೆಗೇ ಒಬ್ಬಳೇ ನಡೆಯುವ ಹುಡುಗಿ. ಒಬ್ಬೊಬ್ಬರನ್ನೇ ಕೊಚ್ಚುವ ಮುಖವಾಡದ ಕೊಲೆಗಾರ. ಆ ಮುಖವಾಡ ದ್ರಾಕ್ಷಿಗೆ ಔಷಧ ಹೊಡೆಯುವಾಗ ಕಟ್ಟಿಕೊಳ್ಳುವಂಥದು ಎಂಬುದೊಂದನ್ನು ಬಿಟ್ಟರೆ, ಉಳಿದುದೆಲ್ಲ ಬೇರೆಯವರ ಅಂಗಳದಿಂದ ಎತ್ತಿ ತಂದದ್ದು. ಎರಡನೆಯದು ಹೆಸರು. ರಕ್ತ ಸಂಸ್ಕೃತ, ಫಡ ಮರಾಠಿ. ಕಡಿತಕ್ಕೆ ಬಂದ ಕಬ್ಬಿನ ಹೊಲಕ್ಕೆ ಕನ್ನಡದಲ್ಲಿ ಮಾತೇ ಸಿಗಲಿಲ್ಲವೇ?

ಮೂರನೆಯದು ಅಕ್ಷಮ್ಯ. ಕರಿ ಕಂಬಳಿ ಹೊದ್ದು ಕಬ್ಬಿನ ಕತ್ತಿ ಹಿಡಿದ ಕೂಲಿಯವನೊಬ್ಬ ಪ್ರತಿ ಕೊಲೆಯ ಹೊತ್ತಿಗೂ ಅಲ್ಲಿಯೇ ಸುಳಿಯುತ್ತಾನೆ. ಆ ಪಾತ್ರ ವಹಿಸಿದವನು ತಮ್ಮೂರು ಅಕ್ಕೋಳದ ಕುರಿಗಾರ ಮಾಳು. ಹಂಗಾಮಿನಲ್ಲಿ ನಿಜವಾಗಿಯೂ ಕಬ್ಬು ಕಡಿಯುವವನಂತೆ. ಈ ಸೀಮೆಯ ಸಕ್ಕರೆಗೆ ಬೆವರು ಸುರಿಸುವವನನ್ನೇ ಕೊಲೆಗಡುಕನನ್ನಾಗಿ ನಿಲ್ಲಿಸಿದ್ದೀರಿ. ಅದನ್ನು ಕಂಡು ಸುಮ್ಮನಿರುವುದು ನನ್ನಿಂದ ಆಗದು.

ತಮ್ಮ ಮೊದಲ ಪತ್ರದ ತಪ್ಪುಗಳನ್ನು ಕೆಂಪು ಮಸಿಯಲ್ಲಿ ತಿದ್ದಿ ಇದರೊಡನೆ ಮರಳಿಸಿದ್ದೇನೆ.

ಇಂತು,
ಪಾಯಪ್ಪ ಮಗದುಮ್ಮ


ಕೊಲ್ಹಾಪುರ
೧೯ ಡಿಸೆಂಬರ್ ೨೦೨೪, ಗುರುವಾರ

ಪೂಜ್ಯ ಮಗದುಮ್ಮ ಗುರುಗಳಿಗೆ,

ಅಕ್ಕೋಳದ ಕಾಜಲಳ ನಮಸ್ಕಾರಗಳು. ತಿದ್ದಿದ ಪತ್ರ ತಲುಪಿತು. ಹದಿನೇಳು ತಪ್ಪು. ಇದನ್ನು ಮೂರು ಸಲ ಓದಿ ಅಂಚೆಗೆ ಹಾಕುತ್ತಿದ್ದೇನೆ. ಆದರೂ ಉಳಿದಿದ್ದರೆ ಕೆಂಪು ಮಸಿ ನಿಮ್ಮಲ್ಲಿ ಇದ್ದೇ ಇದೆ.

ಚಿತ್ರ ಎರವಲು ಎಂದಿರಿ. ಹೌದು ಗುರುಗಳೇ, ಬಚ್ಚಿಡುವುದೇನಿಲ್ಲ. ಇಂಥ ಚಿತ್ರ ನೋಡುತ್ತಲೇ ಬೆಳೆದೆ. ಇಲ್ಲಿ ಬೇರೆಯವರ ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತ ಹತ್ತೊಂಬತ್ತು ದಿನಗಳಲ್ಲಿ ನನ್ನದೊಂದನ್ನು ಮಾಡಿದೆ. ಮುಂದೇನಾಗುತ್ತದೆಂದು ಕುಳಿತವರಿಗೆಲ್ಲ ಗೊತ್ತಿರುತ್ತದೆ. ಗೊತ್ತಿದ್ದವರನ್ನು ಬೆಚ್ಚಿಬೀಳಿಸುವುದೇ ಈ ಕೆಲಸದ ಕಷ್ಟ. ಭಜನಿಯವರು ಹೋದ ವರ್ಷದ ಪದವನ್ನೇ ಹಾಡಿದರೆ ಯಾರೂ ಎದ್ದುಹೋಗುವುದಿಲ್ಲ. ನಿಪ್ಪಾಣಿಯಲ್ಲಿ ಮೊದಲ ಮೂರು ದಿನ ಜನ ಕೂಗಿದರು, ನಕ್ಕರು, ಮತ್ತೆ ಟಿಕೆಟು ತೆಗೆದುಕೊಂಡು ಒಳಗೆ ಬಂದರು.

ಮಾಳುವಿನ ಮಾತು ಹೇಳುತ್ತೇನೆ. ನಿಮ್ಮ ವಿಮರ್ಶೆ ಬಂದ ವಾರ ಅವನ ತಾಯಿ ರಾಮವ್ವ ಗಿರಣಿಗೆ ಜೋಳ ಬೀಸಿಸಲು ಹೋಗಿದ್ದಳು. ಗಿರಣಿಯವನು ಪತ್ರಿಕೆ ಹಿಡಿದು, “ಏನಬೇ ರಾಮವ್ವ, ನಿನ್ನ ಮಗಾ ನಾಕ್ ಮಂದೀನ ಕೊಂದಾನಂತ?” ಎಂದನಂತೆ. ಆಕೆ, “ಅಂವಗ ಕುರಿ ಉಣ್ಣಿ ಕೀಳಾಕ ಕೈ ನಡಗ್ತಾವ. ಅಂವೇನ್ ಮಂದೀನ ಕೊಲ್ತಾನ?” ಎಂದು ಹಿಟ್ಟು ಬಿಟ್ಟು ಬಂದಳು. ಮಾಳುವನ್ನು ಟೋಳಿಯವರು ಈಗ ಕಬ್ಬಿಗೆ ಕರೆಯುತ್ತಿಲ್ಲ. ನಮ್ಮ ಅವ್ವನನ್ನು ಕಂಡರೆ ರಾಮವ್ವ ಮುಖ ತಿರುಗಿಸುತ್ತಾಳೆ.

ಇನ್ನು ನೀವು ತಿದ್ದಿದ ದಿನಾಂಕ. ಶನಿವಾರ ಅಥಣಿಯಲ್ಲಿ ಮಧ್ಯಾಹ್ನದ ಆಟ ಮೂರಕ್ಕೆ ಶುರುವಾಗಿ ಐದೂಕಾಲಿಗೆ ಬಿಟ್ಟಿತು. ಶುಕ್ರವಾರ ಹಾಗಾಗಲಿಲ್ಲ. ಚಿತ್ರ ತೆರೆಯಲು ಯಂತ್ರಕ್ಕೆ ಹಾಕುವ ಕೀ ನಂಬರು ತಡವಾಗಿ ಬಂದು, ಆಟ ನಾಲ್ಕಕ್ಕೆ ಶುರುವಾಯಿತು. ಇಂಟರ್ವಲ್ ಆದಾಗ ಐದು ಗಂಟೆ ಹತ್ತು ನಿಮಿಷ. ಚಿತ್ರ ಮುಗಿದಾಗ ಆರೂಕಾಲು ದಾಟಿತ್ತು.

ನಿಪ್ಪಾಣಿಯಲ್ಲಿ ಓದುವಾಗ ನಾನು ಜೈನರ ಮನೆಯಲ್ಲಿ ಬಾಡಿಗೆಗೆ ಇದ್ದೆ. ಹೊತ್ತು ಮುಳುಗಿದ ಮೇಲೆ ಅವರು ತುತ್ತು ಮುಟ್ಟುತ್ತಿರಲಿಲ್ಲ. ಚಳಿಗಾಲದಲ್ಲಿ ನನ್ನನ್ನೂ ಐದೂವರೆಗೇ ಊಟಕ್ಕೆ ಕರೆಯುತ್ತಿದ್ದರು. ನವೆಂಬರ್ ೨೯ರಂದು ಸೂರ್ಯ ಮುಳುಗಿದ್ದು ಆರಕ್ಕೆ ಮೊದಲು. ಅದಕ್ಕೇ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಗುರುಗಳೇ, ಅಂದು ಸಂಜೆಯ ಊಟ ಎಲ್ಲಿ ಮಾಡಿದಿರಿ?

ರಾಯಬಾಗದ ಟಾಕೀಸಿನ ಮಾಲಕರು ಬಾಳಾಸಾಬರು ಜನವರಿ ೧೦ರಿಂದ ಒಂದು ವಾರ ಚಿತ್ರ ಹಾಕಲು ತಯಾರಿದ್ದಾರೆ. “ಮಾಸ್ತರು ಇನ್ನೊಮ್ಮೆ ಬರದ್ರ ಹಾಕ್ತೀನವಾ. ಇಲ್ಲಂದ್ರ ಮುಕಾದಮರು ಬಂದು ನನ್ನ ಖುರ್ಚಿ ಮುರೀತಾರ” ಎಂದಿದ್ದಾರೆ. ಜನವರಿ ೬ರ ಸೋಮವಾರದ ಸಂಚಿಕೆಯಲ್ಲಿ ನೀವು ಬರೆದರೆ ಚಿತ್ರಕ್ಕೆ ಎರಡನೇ ಸಲ ಜೀವ ಬರುತ್ತದೆ. ಇಲ್ಲವಾದರೆ ಹಂಚಿಕೆದಾರರು ಅದನ್ನು ನನಗೇ ವಾಪಸು ಕೊಡುತ್ತಾರೆ. ಆಮೇಲೆ ಅದನ್ನು ಯಾವ ಊರಲ್ಲೂ ಯಾರೂ ನೋಡುವುದಿಲ್ಲ.

ನಿಮ್ಮ ವಿಧೇಯ,
ಕಾಜಲ


ಐನಾಪುರ
೨೪ ಡಿಸೆಂಬರ್ ೨೦೨೪, ಮಂಗಳವಾರ

ಕುಮಾರಿ ಕಾಜಲ ಅವರಿಗೆ,

ನನಗೆ ಎಪ್ಪತ್ತೈದು ನಡೆಯುತ್ತಿದೆ. ನನ್ನ ಗದ್ಯವನ್ನು ಪ್ರಶ್ನಿಸಿದವರಿದ್ದಾರೆ, ನನ್ನ ಅಭಿರುಚಿಯನ್ನು ಪ್ರಶ್ನಿಸಿದವರಿದ್ದಾರೆ. ನಾನು ಎಲ್ಲಿ ಉಂಡೆ, ಯಾವಾಗ ಉಂಡೆ ಎಂದು ಪತ್ರ ಬರೆದು ವಿಚಾರಿಸಿದವರು ತಾವೇ ಮೊದಲಿಗರು! ಪೊಲೀಸ್ ಠಾಣೆಯಲ್ಲಿಯೂ ವಯಸ್ಸಾದವರನ್ನು ಇಷ್ಟು ಬಿಗಿಯಾಗಿ ಕೇಳುವುದಿಲ್ಲ.

ರಾತ್ರಿಭೋಜನ ತ್ಯಾಗವು ನಾನು ಹನ್ನೆರಡನೆಯ ವಯಸ್ಸಿನಿಂದ ಪಾಲಿಸಿಕೊಂಡು ಬಂದ ನಿಯಮ. ಅದು ತಮ್ಮ ಗಡಿಯಾರದ ಲೆಕ್ಕಕ್ಕೆ ಎಳೆದು ತರುವ ವಸ್ತುವಲ್ಲ. ಅಥಣಿಯಲ್ಲಿ ನನ್ನ ತಂಗಿ ತ್ರಿಶಲಾಳ ಮನೆಯಿದೆ. ಆ ಊರಿನಲ್ಲಿ ನಾನು ಹಸಿದು ತಿರುಗುವವನಲ್ಲ. ಇಷ್ಟು ಉತ್ತರ ಸಾಕು.

ತಾವೂ ಬಾಳಾಸಾಬರೂ ಸೇರಿ ಹೂಡಿರುವ ಆಟ ನನಗೆ ಅರ್ಥವಾಗದೆ ಇಲ್ಲ. ಮೊದಲು ಮುದುಕನನ್ನು ಅಂಜಿಸುವುದು, ಬಳಿಕ ಅವನ ಕೈಯಿಂದ ಹೊಗಳಿಕೆ ಬರೆಯಿಸಿಕೊಳ್ಳುವುದು. ರಾಮವ್ವನ ಪ್ರಸಂಗ ಓದಿ ನನಗೂ ನೋವಾಯಿತು. ಆದರೆ ಆ ನೋವಿಗೆ ಕಾರಣರು ಯಾರು? ಮಗನಿಗೆ ಆ ಪಾತ್ರ ಕೊಟ್ಟವರೋ, ಅದನ್ನು ಕಂಡು ಬರೆದವನೋ? ತಮ್ಮ ಭಜನೆಯ ಹೋಲಿಕೆಯೂ ನಿಲ್ಲುವುದಿಲ್ಲ. ಭಜನೆಯಲ್ಲಿ ಯಾರ ಕತ್ತೂ ಹೋಗುವುದಿಲ್ಲ.

ತಮ್ಮ ಪತ್ರವನ್ನು ನನ್ನ ಮನೆಯವರು ಲಕ್ಷ್ಮಿಬಾಯಿ ಓದಿಸಿ ಕೇಳಿದರು. ಕೇಳಿ, “ಇರಿವಿ ಕಂಡ್ರ ದಾಟಿ ಹೋಗಾವ್ರು, ನಾಕ್ ಹೆಣಾ ನೋಡಾಕ ಅಥಣಿ ತನಕ ಹೋಗಿದ್ರಿ. ಹೋಗಿದ್ದು ಖರೆ, ಎದ್ದು ಬಂದಿದ್ದೂ ಖರೆ. ಹುಡುಗಿ ಕೇಳಿದ್ದಕ್ಕ ಇಷ್ಟ್ಯಾಕ ಸಿಟ್ಟ?” ಎಂದರು. ಅಡುಗೆಮನೆಗೂ ವಿಮರ್ಶೆಗೂ ಸಂಬಂಧವಿಲ್ಲವೆಂದು ತಿಳಿಹೇಳಿದೆ. ಅಂದಿನಿಂದ ಅವರು ನನ್ನೊಡನೆ ಮಾತನಾಡುತ್ತಿಲ್ಲ. ಅದಕ್ಕೂ ತಾವೇ ಹೊಣೆ.

ಜನವರಿ ಆರರ ಸಂಚಿಕೆಗೆ ನಾನು ನಿಪ್ಪಾಣಿಯ ತಂಬಾಕಿನ ಅಡತಿ ಅಂಗಡಿಗಳ ಮೇಲೆ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ಇನ್ನು ಪತ್ರವ್ಯವಹಾರ ಬೇಡ.

ಪಾಯಪ್ಪ ಮಗದುಮ್ಮ


ಕೊಲ್ಹಾಪುರ
೨೮ ಡಿಸೆಂಬರ್ ೨೦೨೪, ಶನಿವಾರ

ಪೂಜ್ಯ ಗುರುಗಳಿಗೆ,

ಬೇಡವೆಂದಿದ್ದೀರಿ. ಆದರೂ ನಾಲ್ಕು ಸಾಲು.

ಜನವರಿ ೨, ಗುರುವಾರ, ರಾಯಬಾಗದ ಟಾಕೀಸಿನಲ್ಲಿ ಬಾಳಾಸಾಬರು ಒಂದೇ ಒಂದು ಆಟ ಹಾಕುತ್ತಾರೆ. ಅಲ್ಲಿ ಗುಡಿಸಲು ಹಾಕಿಕೊಂಡಿರುವ ಒಂದು ಟೋಳಿಯ ಜನಕ್ಕೆ ಅಂದು ಬಿಡುವಿದೆಯಂತೆ; ಅವರನ್ನು ಕರೆದಿದ್ದಾರೆ. ನಾನು ಬರಲಾರೆ, ಇಲ್ಲಿ ಕೆಲಸವಿದೆ.

ಆಟ ಮಧ್ಯಾಹ್ನ ಹನ್ನೆರಡಕ್ಕೆ. ಕೀ ನಂಬರನ್ನು ಹಿಂದಿನ ದಿನವೇ ತರಿಸಲು ಹೇಳಿದ್ದೇನೆ. ಎರಡೂಕಾಲಿಗೆ ಮುಗಿಯುತ್ತದೆ. ಅಲ್ಲಿಂದ ಐನಾಪುರ ಮುಟ್ಟಿ ಊಟಕ್ಕೆ ಕುಳಿತರೂ ಸೂರ್ಯ ಇನ್ನೂ ಮೇಲಿರುತ್ತಾನೆ. ಲಕ್ಷ್ಮಿಬಾಯಿಯವರನ್ನೂ ಕರೆದುಕೊಂಡು ಬನ್ನಿ.

ನೋಡಿ ಮತ್ತೆ ಬೈದರೂ ಸರಿ.

ಕಾಜಲ


ಐನಾಪುರ
೩ ಜನವರಿ ೨೦೨೫, ಶುಕ್ರವಾರ

ಚಿ. ಕಾಜಲಳಿಗೆ,

ಆಶೀರ್ವಾದಗಳು.

ನಿನ್ನ ಪತ್ರ ಒಂದನೆಯ ತಾರೀಖು ಸಂಜೆ ಬಂತು. ಲಕ್ಷ್ಮಿಬಾಯಿಗೂ ಕೇಳುವಂತೆ ಓದಿ ಪೆಟ್ಟಿಗೆಯಲ್ಲಿ ಇಟ್ಟೆ. ಮರುದಿನ ಬೆಳಗ್ಗೆ ಲಕ್ಷ್ಮಿಬಾಯಿ ರೇಷ್ಮೆಯಂಚಿನ ಸೀರೆ ಉಟ್ಟು, ಬುತ್ತಿ ಕಟ್ಟಿ, ಕಟ್ಟೆಯ ಮೇಲೆ ಕುಳಿತಿದ್ದರು. “ನೀವು ಬರ್ರಿ, ಬಿಡ್ರಿ. ನಾ ಅಂತೂ ನೋಡಾಕಿನ” ಎಂದರು. ಹತ್ತು ದಿನಗಳಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಹೋದೆವು.

ಮೊದಲು ನನ್ನ ತಪ್ಪು. ನವೆಂಬರ್ ೨೯ರಂದು ನಾನು ನಿನ್ನ ಚಿತ್ರವನ್ನು ಅರ್ಧ ಮಾತ್ರ ನೋಡಿದೆ. ಮಧ್ಯಂತರದಲ್ಲಿ ಎದ್ದು ತಂಗಿಯ ಮನೆಗೆ ಹೋಗಿ ಐದೂವರೆಗೆ ಊಟಕ್ಕೆ ಕುಳಿತೆ. ಕೈ ತೊಳೆಯುವಾಗ ಹೊತ್ತು ಮುಳುಗುತ್ತಿತ್ತು. ಮರಳಿ ಹೋಗಲಿಲ್ಲ. ಕಂಬಳಿಯವನೇ ಕೊಲೆಗಾರ, ಇನ್ನು ನೋಡುವುದೇನಿದೆ ಎಂದುಕೊಂಡೆ. ನಿಯಮ ಪಾಲಿಸಿದ್ದಕ್ಕೆ ನಾಚಿಕೆಯಿಲ್ಲ. ಅದನ್ನು ನೆಪ ಮಾಡಿಕೊಂಡು, ಕಾಣದ ಅರ್ಧಕ್ಕೂ ತೀರ್ಪು ಬರೆದೆನಲ್ಲ, ಅದಕ್ಕೆ ನಾಚಿಕೆಯಾಗಬೇಕು. ಆಗಿದೆ. ನೀನು ಕೇಳಿದ ಮೇಲೂ ಹಿರಿತನದ ಮರೆಯಲ್ಲಿ ನಿಂತು ಗದರಿದೆ. ಅದು ಇನ್ನೂ ಹೆಚ್ಚಿನ ತಪ್ಪು.

ಈಗ ಚಿತ್ರದ ವಿಚಾರ. ಎರವಲು ಎಂದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆ ವಾಹನ ಈ ಸಲವೂ ಕೆಟ್ಟಿತು, ದೂರವಾಣಿ ಈ ಸಲವೂ ಕೈಕೊಟ್ಟಿತು. ಹುಡುಗಿ ಮತ್ತೆ ಒಬ್ಬಳೇ ಹೋದಳು. ಅವಳ ಅವ್ವ ಬುದ್ಧಿ ಹೇಳಿ ಬೆಳೆಸಲಿಲ್ಲವೇ? ಆದರೆ ಆ ಔಷಧ ಹೊಡೆಯುವ ಪಂಪಿನ ಸುಸ್ಸೆಂಬ ಸದ್ದು! ಮೂರನೆಯ ಸಲ ಅದು ಕೇಳಿದಾಗ ತೆರೆಯ ಮೇಲೆ ಬರಿಯ ಕಬ್ಬಿನ ಗರಿಗಳಿದ್ದವು, ಮತ್ತೇನೂ ಇರಲಿಲ್ಲ. ನನ್ನ ಬೆನ್ನು ಬೆವರಿತು. ದಿನವೂ ನಮ್ಮ ಓಣಿಯಲ್ಲಿ ಕೇಳುವ ಸದ್ದು ಅದು. ಅದಕ್ಕೆ ಅಂಜಬಹುದೆಂದು ನನಗೆ ಹೊಳೆದಿರಲಿಲ್ಲ.

ಉತ್ತರಾರ್ಧದಲ್ಲಿ ಮುಖವಾಡ ಕಳಚುತ್ತದೆ. ಒಳಗಿರುವವನು ಕೂಲಿಯವನಲ್ಲ, ಅತಿಥಿಗಳಿಗೆ ನಗುನಗುತ್ತ ದ್ರಾಕ್ಷಿ ತಿನ್ನಿಸಿದ ತೋಟದ ಸಾಹುಕಾರನ ಮಗ. ಕಂಬಳಿಯವನು ಮೊದಲಿನಿಂದ ಆ ಮಕ್ಕಳ ಬೆನ್ನು ಹತ್ತಿದ್ದು ಎಚ್ಚರಿಸಲೆಂದು. ಅವನ ಕೈಯಲ್ಲಿ ಕತ್ತಿ ಕಂಡು ಅವರು ಓಡಿದರು. ನಾನೂ ಅವರ ಜೊತೆಗೇ ಓಡಿದೆ.

ನನ್ನ ಮುಂದಿನ ಸಾಲಿನಲ್ಲಿ ಟೋಳಿಯ ಹೆಂಗಸರು ಕುಳಿತಿದ್ದರು. “ಅಯ್ ಹುಚ್ಚಿ, ಅಂವನ ಕಡೆ ಓಡಬೇ! ಕಂಬಳ್ಯಾಂವನ ಕಡೆ!” ಎಂದು ಒಬ್ಬಳು ಎದ್ದು ನಿಂತಳು. “ಕುಂದ್ರ ಚನ್ನವ್ವ, ಆಕೀಗೇನ್ ನಿನ್ನ ಮಾತು ಕೇಳ್ತೈತಿ?” ಎಂದಳು ಪಕ್ಕದವಳು. “ಕೇಳ್ಲಿ ಬಿಡ್ಲಿ, ನಾ ಸುಮ್ಮನ ಹ್ಯಾಂಗ ಕುಂದರ್ಲಿ?” ಮಾಳು ಆ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ, “ಅಂಜಬ್ಯಾಡ ತಂಗಿ, ನಾ ಅದೀನಿ” ಎಂದಾಗ ಎಲ್ಲರೂ ಸೀಟಿ ಹೊಡೆದರು. ಅವನ ಬೆನ್ನ ಹಿಂದೆ ಮುಖವಾಡದವನು ಎದ್ದು ನಿಂತ. ಆಗ ಒಬ್ಬರು ಬಹಳ ಜೋರಾಗಿ, “ಮಾಳ್ಯಾ, ಹಿಂದ ನೋಡಲೇ!” ಎಂದು ಚೀರಿದರು. ಲಕ್ಷ್ಮಿಬಾಯಿ ನನ್ನ ತೋಳು ಹಿಡಿದು ಕೂರಿಸಿದಾಗಲೇ ಚೀರಿದವನು ನಾನೆಂದು ತಿಳಿದದ್ದು.

ಸಂಜೆಯೇ ತಿದ್ದುಪಡಿ ಬರೆದೆ. ಅರ್ಧ ನೋಡಿದ್ದು, ಎದ್ದುಹೋದದ್ದು, ಮಾಳುವಿನ ಮೇಲೆ ಹೊರಿಸಿದ ಸುಳ್ಳು, ಯಾವುದನ್ನೂ ಬಿಟ್ಟಿಲ್ಲ. ಇಂದು ಚಿಕ್ಕೋಡಿಗೆ ಹೋಗಿ ಸಂಪಾದಕ ಸುಹಾಸನ ಕೈಗೆ ಕೊಟ್ಟು ಬಂದೆ. ಅವನು ಓದಿ ತಲೆ ಕೆರೆದುಕೊಂಡ. “ಗುರುಗಳ, ಇದನ್ನ ಹಾಕಿದ್ರ ಪೇಪರಿನ ಮರ್ಯಾದಿ ಹೋಗ್ತೈತ್ರಿ. ಚಿತ್ರ ಚಲೋ ಐತಿ ಅಂತ ಎರಡು ಸಾಲ ಹಾಕೂಣು” ಎಂದ. ಒಂದಕ್ಷರ ಬಿಡದೆ ಅಚ್ಚಾಗಬೇಕೆಂದು ಹೇಳಿ ಎದ್ದುಬಂದೆ. ಆರರಂದು ಪತ್ರಿಕೆ ನೋಡು.

ನಿನ್ನ,
ಪಾಯಪ್ಪ ಮಗದುಮ್ಮ


ರಾಯಬಾಗ
೮ ಜನವರಿ ೨೦೨೫, ಬುಧವಾರ

ಶ್ರೀ ಮಗದುಮ್ಮ ಅವರಿಗೆ,

ಶುಕ್ರವಾರ ಚಿತ್ರ ಹಾಕುವುದಾದರೆ ಬೇಕಾಗುವ ತಯಾರಿಗೆಂದು ನಾಲ್ಕರಿಂದ ಇಲ್ಲೇ ಇದ್ದೇನೆ; ಕೊಲ್ಹಾಪುರಕ್ಕೆ ಬಂದ ಅಂಚೆ ಯಾವುದನ್ನೂ ನೋಡಿಲ್ಲ. ಈ ಪತ್ರವನ್ನು ಐನಾಪುರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸುತ್ತಿದ್ದೇನೆ, ಯಾಕೆಂದರೆ ಅಂಚೆ ಮುಟ್ಟುವವರೆಗೆ ನನ್ನ ಸಿಟ್ಟು ಆರಿಬಿಡಬಹುದು.

ಸೋಮವಾರದ ಪತ್ರಿಕೆ ನೋಡಿದೆ. ನಿಮ್ಮ ಅಂಕಣದ ಕೆಳಗೆ, ನಿಮ್ಮ ಹೆಸರಿನಲ್ಲಿ ಮೂರು ಸಾಲು: “ನಮ್ಮ ವಿಮರ್ಶೆಯ ತರುವಾಯ ನಿರ್ದೇಶಕಿ ತಪ್ಪನ್ನು ಒಪ್ಪಿ ಚಿತ್ರವನ್ನು ತಿದ್ದಿದ್ದಾರೆ. ಪರಿಷ್ಕೃತ ‘ರಕ್ತಫಡ’ವನ್ನು ಜನವರಿ ೨ರಂದು ನೋಡಿದೆ. ಈಗ ನೋಡಲು ಯೋಗ್ಯವಾಗಿದೆ.”

ನಾನು ಏನು ತಿದ್ದಿದೆ? ಒಂದು ಚೂರೂ ಕತ್ತರಿಸಿಲ್ಲ, ಒಂದು ಚೂರೂ ಸೇರಿಸಿಲ್ಲ. ರಾಯಬಾಗದಲ್ಲಿ ನೀವು ನೋಡಿದ್ದು ಅಥಣಿಯಲ್ಲಿ ನೋಡದೆ ಬಿಟ್ಟದ್ದನ್ನು. ಮಾಳುವಿಗೆ ಯಾರೋ ಇದನ್ನು ಓದಿ ಹೇಳಿದರು. ನಿನ್ನೆ ಫೋನು ಮಾಡಿದ್ದ. “ಅಕ್ಕಾ, ಹಂಗಾದ್ರ ಮೊದಲ ನಾ ಕೊಲೆಗಾರ ಇದ್ನೇನ? ಈಗ ಮಾಸ್ತರ ಮಾತಿಗೆ ತೆಗದ್ರೇನ?” ಎಂದು ಕೇಳಿದ.

ಇಷ್ಟು ದಿನ ಹೇಳದ ಒಂದು ಮಾತಿದೆ. ನವೆಂಬರ್ ೨೯ರಂದು ನಾನು ಅಥಣಿಯ ಟಾಕೀಸಿನಲ್ಲೇ ಇದ್ದೆ, ನಿಮ್ಮ ಹಿಂದೆ ನಾಲ್ಕು ಸಾಲು ಬಿಟ್ಟು. ಜನ ಎಲ್ಲಿ ಬೆಚ್ಚುತ್ತಾರೆ ಎಂದು ನೋಡಲು ಹೋಗಿದ್ದೆ. ಐದು ಹತ್ತಕ್ಕೆ ನಿಮ್ಮ ಬಿಳಿ ಟೋಪಿ ಬಾಗಿಲ ಕಡೆ ಹೋಯಿತು, ತಿರುಗಿ ಬರಲಿಲ್ಲ. ಮೊದಲ ಪತ್ರದಲ್ಲೇ ಬರೆಯಬಹುದಿತ್ತು. ಇನ್ನೊಂದು ಪತ್ರಿಕೆಗೆ ಕೊಟ್ಟಿದ್ದರೆ ಅವರು ಸಂತೋಷದಿಂದ ಹಾಕುತ್ತಿದ್ದರು. ಆದರೆ ಜನ ನಿಮ್ಮ ಬರಹವನ್ನು ಬಿಟ್ಟು ನಿಮ್ಮ ನಿಯಮವನ್ನು ಹಿಡಿದು ನಗುತ್ತಿದ್ದರು. ಅದು ನನಗೆ ಬೇಡವಾಗಿತ್ತು. ನೀವೇ ಹೇಳುತ್ತೀರಿ ಎಂದು ಕಾದೆ. ಇದನ್ನು ಹೇಳುತ್ತೀರಿ ಎಂದುಕೊಂಡಿರಲಿಲ್ಲ.

ಬಾಳಾಸಾಬರಿಗೆ ಖುಷಿ. ತಿದ್ದಿದ ಚಿತ್ರವೆಂದರೆ ಮುಕಾದಮರು ಬರುವುದಿಲ್ಲವಂತೆ. ಆದ್ದರಿಂದ ನೀವು ಸುಮ್ಮನಿದ್ದರೂ ಶುಕ್ರವಾರ ಚಿತ್ರ ನಡೆಯುತ್ತದೆ. ನಾನು ನಾಳೆ ಕೊಲ್ಹಾಪುರಕ್ಕೆ ಹೋಗುತ್ತೇನೆ. ನನ್ನದೇ ಚಿತ್ರದ ಬಾಗಿಲಲ್ಲಿ ‘ಪರಿಷ್ಕೃತ’ ಎಂಬ ಹಲಗೆ ನೋಡಿಕೊಂಡು ನಿಲ್ಲಲು ಆಗುವುದಿಲ್ಲ.

ಕಾಜಲ


ಐನಾಪುರ
೧೨ ಜನವರಿ ೨೦೨೫, ಭಾನುವಾರ

ಚಿ. ಕಾಜಲಳಿಗೆ,

ಆಶೀರ್ವಾದಗಳು. ಮೂರನೆಯ ತಾರೀಖಿನ ನನ್ನ ಪತ್ರ ಇಷ್ಟರಲ್ಲಿ ಕೊಲ್ಹಾಪುರದಲ್ಲಿ ನಿನ್ನ ಕೈ ಸೇರಿರಬೇಕು. ಅದನ್ನು ಓದಿದ್ದರೆ ಆ ಮೂರು ಸಾಲು ನನ್ನವಲ್ಲವೆಂದು ತಿಳಿದಿರುತ್ತೀ. ನಾನು ಕೊಟ್ಟ ಎರಡು ಹಾಳೆಗಳನ್ನು ಎಸೆದು, ನನ್ನ ಹೆಸರಿನ ಕೆಳಗೆ ಆ ಸುಳ್ಳನ್ನು ಸುಹಾಸ ಬರೆದ. ಇಪ್ಪತ್ತೆರಡು ವರ್ಷ ಅಂಕಣ ಬರೆದ ಪತ್ರಿಕೆ ಅದು! ಕೇಳಿದರೆ, “ನಿಮ್ಮ ಮಾನಾನೂ ಉಳೀತು, ಆ ಹುಡುಗಿ ಚಿತ್ರಾನೂ ಉಳೀತು. ಇನ್ನೇನ್ ಬೇಕ್ರಿ?” ಎನ್ನುತ್ತಾನೆ. ಅಂಕಣವನ್ನು ಅಂದೇ ನಿಲ್ಲಿಸಿದೆ. ಆದರೂ ನಿನ್ನ ಸಿಟ್ಟು ತಪ್ಪೆನ್ನಲಾರೆ. ಸುಹಾಸನಿಗೆ ಈ ಧೈರ್ಯ ಬಂದದ್ದು ನನ್ನ ಮೊದಲ ಸುಳ್ಳಿನಿಂದ.

ನಿನ್ನ ಪತ್ರವನ್ನು ಕಂಡಕ್ಟರರು ಎಂಟರ ಸಂಜೆಯೇ ತಲುಪಿಸಿದರು. ಒಂಬತ್ತರಂದು ಇಲ್ಲಿಯ ಅಚ್ಚುಕೂಟದಲ್ಲಿ ಒಂದು ಕರಪತ್ರ ಮಾಡಿಸಿದೆ. ನಾಲ್ಕೇ ಸಾಲು: ನಾನು ಅರ್ಧ ಚಿತ್ರ ನೋಡಿ ಬರೆದೆ, ಚಿತ್ರವನ್ನು ಯಾರೂ ತಿದ್ದಿಲ್ಲ, ಕಬ್ಬು ಕಡಿಯುವವನು ಕೊಲೆಗಾರನಲ್ಲ, ಮೊದಲಿನಿಂದಲೂ ಅಲ್ಲ, ತಪ್ಪು ನನ್ನದು. ಹತ್ತರ ಬೆಳಗ್ಗೆ ನಾನೂ ಲಕ್ಷ್ಮಿಬಾಯಿಯವರೂ ರಾಯಬಾಗದ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಹಂಚಿದೆವು.

ಬಾಳಾಸಾಬರು ಓಡಿಬಂದರು. “ಮಾಸ್ತರ, ಮಂದಿ ಟಿಕೀಟ್ ತಗೋಳಾಕತ್ತಾರ. ಈಗ್ಯಾಕ್ರಿ ಇದು? ಹಳೇ ಚಿತ್ರಾನ ಅಂದ್ರ ಮುಕಾದಮರು ಬಿಡ್ತಾರೇನ?” ಎಂದರು. ನನಗೂ ಅದೇ ಅಂಜಿಕೆಯಿತ್ತು. ನಿನ್ನ ಒಂದು ವಾರವನ್ನು ನನ್ನ ಕೈಯಿಂದಲೇ ಕೆಡಿಸುತ್ತಿದ್ದೇನೆಯೇ ಎಂದು ಹಂಚುತ್ತಲೇ ಯೋಚಿಸಿದೆ. ಆದರೆ ಸುಳ್ಳಿನ ಮೇಲೆ ಓಡುವ ಚಿತ್ರದ ಬಾಗಿಲಲ್ಲಿ ನಿಲ್ಲಲಾರೆ ಎಂದು ನೀನು ಬರೆದಿದ್ದೆ. ಆ ಮಾತೇ ನನ್ನನ್ನು ಅಲ್ಲಿ ನಿಲ್ಲಿಸಿತು.

ಹನ್ನೊಂದಕ್ಕೆ ಮುಕಾದಮ ಮಹಾದೇವ ಹದಿನೈದು ಜನರೊಡನೆ ಬಂದ. ಅಥಣಿಯಲ್ಲಿ ಚಿತ್ರ ನಿಲ್ಲಿಸಿದವನು ಅವನೇ. ಕರಪತ್ರವನ್ನು ಎರಡು ಸಲ ಓದಿದ. “ಅಂದ್ರ ಮಾಸ್ತರ, ಅರ್ಧಾ ನೋಡಿ ನಮ್ಮನ್ನ ಎಬ್ಬಿಸಿದ್ರಿ?”

“ಹೌದಪ್ಪ.”

ಅವನು ಕರಪತ್ರವನ್ನು ಮಡಿಚಿ ಜೇಬಿಗಿಟ್ಟುಕೊಂಡ. ಬೈಯುತ್ತಾನೆಂದು ಕಾದೆ. “ನೀವು ಅರ್ಧಾರ ನೋಡಿದ್ರಿ. ನಾವು ಒಬ್ಬಾವ್ರೂ ನೋಡಿರಲಿಲ್ರಿ” ಎಂದ. ಬಳಿಕ ತನ್ನವರ ಕಡೆ ತಿರುಗಿ, “ನಡೀರ್ಲೇ ಒಳಗ” ಎಂದ. ಸಾಲಿನಲ್ಲಿ ನಿಂತು ಹದಿನಾರು ಟಿಕೆಟು ತೆಗೆದುಕೊಂಡರು. ಆಟ ಬಿಟ್ಟ ಮೇಲೆ ಮಹಾದೇವ ಅಲ್ಲಿಯೇ ನಿಂತು ಮಾಳುವಿಗೆ ಫೋನು ಮಾಡಿ, “ಸೋಮವಾರ ಫಡಕ್ಕ ಬಾ” ಎಂದದ್ದನ್ನು ನಾನೇ ಕೇಳಿದೆ. ‘ಪರಿಷ್ಕೃತ’ ಎಂಬ ಹಲಗೆಯನ್ನು ಬಾಳಾಸಾಬರು ತೆಗೆಸಿದರು.

ಕೆಳಗಿನ ಪಟ್ಟಿಯನ್ನು ಸುಹಾಸನಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ಅಚ್ಚು ಹಾಕದಿದ್ದರೆ ಪತ್ರಿಕೆ ಹೋಗುವ ಐದೂ ತಾಲ್ಲೂಕಿನ ಊರುಗಳಲ್ಲಿ ನಾನೇ ಹಂಚುತ್ತೇನೆ. ಒಂದು ಪ್ರತಿಯನ್ನು ಅಕ್ಕೋಳದ ಗಿರಣಿಯ ಗೋಡೆಗೆ ಅಂಟಿಸಲು ಕೊಟ್ಟಿದ್ದೇನೆ. ಒಂದು ನಿನಗೆ.

ನಿನ್ನ,
ಪಾಯಪ್ಪ ಮಗದುಮ್ಮ

ತಿದ್ದಿದ ದಿನಾಂಕಗಳು

ನವೆಂಬರ್ ೨೯, ೨೦೨೪, ಶುಕ್ರವಾರ: ‘ಚಿತ್ರ ನೋಡಿದ ದಿನ’ ಎಂದು ಹೇಳಿದ್ದೆ. ‘ಚಿತ್ರದ ಪೂರ್ವಾರ್ಧ ನೋಡಿದ ದಿನ’ ಎಂದಾಗಬೇಕು. ಐದು ಗಂಟೆ ಹತ್ತು ನಿಮಿಷಕ್ಕೆ ಎದ್ದುಹೋದೆ.

ನವೆಂಬರ್ ೩೦, ಶನಿವಾರ: ಈ ದಿನ ಯಾವ ಚಿತ್ರವನ್ನೂ ನೋಡಿಲ್ಲ. ನೋಡದ ಭಾಗವನ್ನು ಕುರಿತು ಬರೆದೆ.

ಡಿಸೆಂಬರ್ ೨, ಸೋಮವಾರ: ವಿಮರ್ಶೆ ಪ್ರಕಟವಾಯಿತು. ಪತ್ರಿಕೆಯ ತಲೆಯಲ್ಲಿರುವ ತಾರೀಖು ಸರಿಯಾಗಿದೆ. ಮಾಳುವನ್ನು ಕುರಿತು ಅದರ ಕೆಳಗೆ ಇರುವುದೊಂದೂ ಸರಿಯಲ್ಲ.

ಡಿಸೆಂಬರ್ ೪ ಮತ್ತು ೫: ‘ಜನರ ವಿರೋಧದಿಂದ ಚಿತ್ರ ತೆಗೆಯಲಾಯಿತು’ ಎಂದು ವರದಿಯಾಗಿತ್ತು. ‘ಪಾಯಪ್ಪ ಮಗದುಮ್ಮನ ಬರಹದಿಂದ’ ಎಂದು ಓದಿಕೊಳ್ಳಬೇಕು.

ಡಿಸೆಂಬರ್ ೧೪, ಶನಿವಾರ: ಈ ದಿನ ಬರೆದ ಪತ್ರದಲ್ಲಿ ಕ್ಷಮೆ ಕೇಳಿದ್ದು ವಾರದ ಹೆಸರಿಗೆ ಮಾತ್ರ. ಕೇಳಬೇಕಾದದ್ದನ್ನು ಕೇಳಿದ್ದು ಜನವರಿ ೩ರಂದು, ಇಪ್ಪತ್ತು ದಿನ ತಡವಾಗಿ.

ಜನವರಿ ೨, ೨೦೨೫, ಗುರುವಾರ: ‘ಪರಿಷ್ಕೃತ ಚಿತ್ರ ನೋಡಿದ ದಿನ’ ಎಂದು ನನ್ನ ಹೆಸರಿನಲ್ಲಿ ಅಚ್ಚಾಗಿದೆ. ‘ಪೂರ್ಣ ಚಿತ್ರ ನೋಡಿದ ದಿನ’ ಎಂದಾಗಬೇಕು.

ಜನವರಿ ೧೦, ಶುಕ್ರವಾರ: ಭಿತ್ತಿಪತ್ರದಲ್ಲಿ ‘ಎರಡನೆಯ ಬಿಡುಗಡೆ’ ಎಂದಿದೆ. ಬಾಗಿಲಲ್ಲಿ ಸಾಲು ನಿಂತ ಆ ಹದಿನಾರು ಜನರಿಗೆ ಅದು ಮೊದಲನೆಯದು.